ಕಾರಿನ ಎಕ್ಸ್‌ಟೆಂಡೆಡ್ ವಾರಂಟಿ: ದುಡ್ಡು ಕಟ್ಟುವ ಮೊದಲು ಏನೇನು ಕೇಳಬೇಕು? ಮೈಸೂರು, ಮಂಡ್ಯದವರು ಹೇಳಿ

ಕಾವೇರಿ ತೀರ, ಶ್ರೀರಂಗಪಟ್ಟಣ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಒಂದು ಟರ್ಬೊ ಪೆಟ್ರೋಲ್ ಎಸ್‌ಯುವಿ ಇದೆ. ಆಟೊಮ್ಯಾಟಿಕ್, ಎರಡು ಕ್ಲಚ್ ಇರುವ ಡಿಸಿಟಿ ಗೇರ್‌ಬಾಕ್ಸ್. ಮೂರು ವರ್ಷದ ವಾರಂಟಿ ಮುಂದಿನ ತಿಂಗಳು ಮುಗಿಯುತ್ತದೆ. ಶೋರೂಮಿನಿಂದ ದಿನಾ ಫೋನು. ನಾಲ್ಕನೇ ಮತ್ತು ಐದನೇ ವರ್ಷಕ್ಕೆ ಸೇರಿಸಿ 29,500 ರೂಪಾಯಿ ಹೇಳುತ್ತಿದ್ದಾರೆ. ಇವತ್ತೇ ಕಟ್ಟಿದರೆ 2,000 ಕಡಿಮೆ ಅಂತೆ. ಇದರ ಮಧ್ಯೆ ಬೇರೆ ನಂಬರಿನಿಂದ ಇನ್ಯಾರೋ ಫೋನ್ ಮಾಡಿ, 17,000ಕ್ಕೆ ಕೊಡುತ್ತೇವೆ, ಎಲ್ಲವೂ ಕವರ್ ಆಗುತ್ತದೆ ಅನ್ನುತ್ತಾರೆ.

ನಮ್ಮ ಯಜಮಾನರು ಕೆಲಸಕ್ಕೆ ದಿನಾ ಮೈಸೂರಿನ ಹೆಬ್ಬಾಳಕ್ಕೆ ಹೋಗಿ ಬರುತ್ತಾರೆ. ಗಾಡಿ 41,000 ಕಿಲೋಮೀಟರ್ ಓಡಿದೆ. ಇನ್ನೂ ನಾಲ್ಕೈದು ವರ್ಷ ಇಟ್ಟುಕೊಳ್ಳುವ ಯೋಚನೆ ಇದೆ. ತೆಗೆದುಕೊಳ್ಳಬೇಕಾ, ಬೇಡವಾ? ತೆಗೆದುಕೊಂಡರೆ ಯಾವುದು? ಗೊತ್ತಿರುವವರು ದಯವಿಟ್ಟು ಹೇಳಿ.

ಮಂಡ್ಯ ಹೈದ

ಅಕ್ಕ, ಬೇಡ. ಸುಮ್ನೆ ದುಡ್ಡು ದಂಡ. ನನ್ನದು ಸಾದಾ 1.2 ಲೀಟರ್ ಪೆಟ್ರೋಲ್, ಮ್ಯಾನ್ಯುವಲ್. ಏಳು ವರ್ಷ ಆಯಿತು. ಖರ್ಚು ಬಂದಿದ್ದು ಕ್ಲಚ್ ಪ್ಲೇಟಿಗೆ, ಬ್ರೇಕ್ ಪ್ಯಾಡಿಗೆ, ಬ್ಯಾಟರಿಗೆ, ಟೈರಿಗೆ, ಸಸ್ಪೆನ್ಷನ್ ಬುಷ್‌ಗೆ. ಇದ್ಯಾವುದೂ ವಾರಂಟಿಯಲ್ಲಿ ಬರುವುದಿಲ್ಲ. ಆ ದುಡ್ಡನ್ನು ಪೋಸ್ಟ್ ಆಫೀಸಿನಲ್ಲಿ ಆರ್‌ಡಿ ಕಟ್ಟಿ. ರಿಪೇರಿ ಬಂದರೆ ಅದರಲ್ಲಿ ಮಾಡಿಸಿ, ಬರದಿದ್ದರೆ ದುಡ್ಡು ನಿಮ್ಮದೇ.

ಹೆಬ್ಬಾಳ ಶಿಫ್ಟ್

ಅಣ್ಣ, ನಿಮ್ಮ ಗಾಡಿಗೂ ಅವರ ಗಾಡಿಗೂ ಹೋಲಿಕೆ ಇಲ್ಲ ಅಲ್ವಾ? ಟರ್ಬೊ, ಡಿಸಿಟಿ, ದೊಡ್ಡ ಸ್ಕ್ರೀನು, ಸನ್‌ರೂಫು, ಕ್ಯಾಮೆರಾ. ಒಂದೊಂದಕ್ಕೂ ಒಂದೊಂದು ಕಂಟ್ರೋಲ್ ಯೂನಿಟ್. ಇಂಥ ಗಾಡಿಗೆ ವಾರಂಟಿ ಇಲ್ಲದೆ ಓಡಾಡಲು ನನಗಂತೂ ಧೈರ್ಯ ಬರುವುದಿಲ್ಲ.

ಗ್ರೀಸ್ ಕೈ, ಮೈಸೂರು

ಇಬ್ಬರು ಹೇಳಿದ್ದೂ ಅವರವರ ಗಾಡಿಗೆ ಸರಿ. ನಾನು ಸರ್ವಿಸ್ ಸೆಂಟರಿನಲ್ಲಿ ಅಡ್ವೈಸರ್ ಆಗಿ ತುಂಬಾ ವರ್ಷ ಕೆಲಸ ಮಾಡಿದವನು. ಈಗ ಬಿಟ್ಟಿದ್ದೇನೆ. ಯಾವ ಶೋರೂಮಿನ ಪರವಾಗಿಯೂ ಮಾತಾಡಬೇಕಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೇಡಂ, ಬೆಲೆ ಆಮೇಲೆ ನೋಡೋಣ. ಮೊದಲು ಕೇಳಬೇಕಾದ ಪ್ರಶ್ನೆ ಒಂದೇ. ಈ ವಾರಂಟಿಯನ್ನು ಯಾರು ಕೊಡುತ್ತಿದ್ದಾರೆ? ನಾಳೆ ಗೇರ್‌ಬಾಕ್ಸ್ ಕೆಟ್ಟರೆ ಬಿಲ್ಲು ಯಾರ ಜೇಬಿನಿಂದ ಹೋಗುತ್ತದೆ?

ಕಾರು ತಯಾರಿಸಿದ ಕಂಪನಿಯೇ ಕೊಡುವ ವಾರಂಟಿ ಒಂದು. ಅದು ದೇಶದಲ್ಲಿ ಆ ಕಂಪನಿಯ ಯಾವ ಅಧಿಕೃತ ಸರ್ವಿಸ್ ಸೆಂಟರಿಗೆ ಹೋದರೂ ನಡೆಯುತ್ತದೆ. ಮಡಿಕೇರಿಯಲ್ಲಿ ಗಾಡಿ ನಿಂತರೂ ಅಷ್ಟೆ, ತಿರುಪತಿ ದಾರಿಯಲ್ಲಿ ನಿಂತರೂ ಅಷ್ಟೆ. ಎರಡನೆಯದು ಡೀಲರ್ ತನ್ನದೇ ಲೆಕ್ಕದಲ್ಲಿ ಕೊಡುವುದು. ಕಾಗದದ ಮೇಲೆ ಕಂಪನಿಯ ಲೋಗೊ ದೊಡ್ಡದಾಗಿ ಇರುತ್ತದೆ, ಕೆಳಗೆ ಸಣ್ಣ ಅಕ್ಷರದಲ್ಲಿ ಡೀಲರ್ ಹೆಸರು. ಆ ಡೀಲರ್ ಹತ್ತಿರ ಮಾತ್ರ ನಡೆಯುತ್ತದೆ. ಡೀಲರ್‌ಶಿಪ್ ಮುಚ್ಚಿದರೆ ಅಥವಾ ಕೈ ಬದಲಾದರೆ ನಿಮ್ಮ ಕಾಗದಕ್ಕೆ ಬೆಲೆ ಇಲ್ಲ. ಮೂರನೆಯದು ಹೊರಗಿನ ಸಂಸ್ಥೆಗಳದ್ದು. ಕೆಲವಕ್ಕೆ ಹಿಂದೆ ಇನ್ಶೂರೆನ್ಸ್ ಕಂಪನಿ ಇರುತ್ತದೆ, ಕೆಲವಕ್ಕೆ ಯಾರೂ ಇರುವುದಿಲ್ಲ. ನಿಮಗೆ 17,000 ಹೇಳಿದವರು ಇವರ ಪೈಕಿಯೇ ಇರಬೇಕು. ಹೊರಗಿನದು ಅಂದ ಮಾತ್ರಕ್ಕೆ ಮೋಸ ಅಂತಲ್ಲ. ಆದರೆ ಹಿಂದೆ ಯಾರಿದ್ದಾರೆ, ಒಂದು ಕ್ಲೇಮಿಗೆ ಮಿತಿ ಎಷ್ಟು, ಒಟ್ಟು ಮಿತಿ ಎಷ್ಟು, ನಾವೇ ಮೊದಲು ದುಡ್ಡು ಕಟ್ಟಿ ಆಮೇಲೆ ವಾಪಸ್ ಪಡೆಯಬೇಕಾ, ಇಷ್ಟನ್ನು ಬರವಣಿಗೆಯಲ್ಲಿ ಕೇಳಿ. ಬರವಣಿಗೆಯಲ್ಲಿ ಕೊಡದಿದ್ದರೆ ಫೋನ್ ಇಟ್ಟುಬಿಡಿ. ಯಾರದೋ ಹೆಸರಿನ ಯುಪಿಐ ನಂಬರಿಗೆ ದುಡ್ಡು ಹಾಕಿ ಅಂದರೂ ಅಷ್ಟೆ.

"ಎಲ್ಲವೂ ಕವರ್ ಆಗುತ್ತದೆ" ಅನ್ನುವ ಮಾತನ್ನು ಯಾರು ಹೇಳಿದರೂ ನಂಬಬೇಡಿ. ಸವೆಯುವ ಭಾಗ ಯಾವ ವಾರಂಟಿಯಲ್ಲೂ ಸಾಮಾನ್ಯವಾಗಿ ಇರುವುದಿಲ್ಲ. ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ವೈಪರ್, ಬಲ್ಬು, ಫಿಲ್ಟರ್, ಆಯಿಲ್, ರಬ್ಬರ್ ಬುಷ್ ಎಲ್ಲ ಹೊರಗೆ. ಟೈರು ಮತ್ತು ಬ್ಯಾಟರಿಗೆ ಅವುಗಳನ್ನು ಮಾಡಿದ ಕಂಪನಿಯ ವಾರಂಟಿ ಬೇರೆ. ಅಪಘಾತ, ನೀರು ನುಗ್ಗಿದ್ದು, ಇಲಿ ಕಡಿದದ್ದು, ಹೊರಗೆ ವೈರು ಕತ್ತರಿಸಿ ಲೈಟು, ಹಾರ್ನು ಹಾಕಿಸಿದ್ದು ಕೂಡ ಹೊರಗೆ.

ನಿಮ್ಮ ಗಾಡಿಗೆ ವಿಶೇಷವಾಗಿ ಒಂದು ಮಾತು. ಡಿಸಿಟಿಯಲ್ಲಿ ಎರಡು ಭಾಗ ಬೇರೆ ಬೇರೆ ನೋಡಬೇಕು. ಗೇರ್ ಬದಲಿಸುವ ಎಲೆಕ್ಟ್ರಾನಿಕ್ ಮತ್ತು ಹೈಡ್ರಾಲಿಕ್ ಯೂನಿಟ್ ಒಂದು, ಅದನ್ನು ಮೆಕಾಟ್ರಾನಿಕ್ ಅನ್ನುತ್ತಾರೆ. ಕ್ಲಚ್ ಪ್ಯಾಕ್ ಇನ್ನೊಂದು. ಯೂನಿಟ್ ಕವರ್ ಆಗಿ ಕ್ಲಚ್ ಪ್ಯಾಕ್ ಮಾತ್ರ "ಸವೆಯುವ ಭಾಗ" ಅಂತ ಬಿಟ್ಟಿರಬಹುದು. ಎರಡರ ಹೆಸರೂ ಹೇಳಿ ಕೇಳಿ. ಹಾಗೆಯೇ ಟರ್ಬೊ, ಹೈ ಪ್ರೆಶರ್ ಫ್ಯೂಯಲ್ ಪಂಪ್, ಇಂಜೆಕ್ಟರ್, ಸ್ಟೀರಿಂಗ್ ಮೋಟಾರ್, ಎಬಿಎಸ್ ಮಾಡ್ಯೂಲ್, ಎಸಿ ಕಂಪ್ರೆಸರ್, ಇಸಿಯು ಅನ್ನುವ ಇಂಜಿನ್ ಕಂಪ್ಯೂಟರ್, ಮುಂದಿನ ಸ್ಕ್ರೀನು. ಐದನೇ ವರ್ಷದಲ್ಲಿ ಜನಕ್ಕೆ ಹೊಡೆತ ಬೀಳುವುದು ಇವುಗಳಿಂದ. ಗೇರ್‌ಬಾಕ್ಸ್ ಕೆಲಸವೊಂದಕ್ಕೇ ಲಕ್ಷ ದಾಟಬಹುದು.

ಕಾವೇರಿ ತೀರ

ಸರ್, ತುಂಬಾ ಥ್ಯಾಂಕ್ಸ್. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಕಂಪನಿಯದ್ದೋ ಡೀಲರ್‌ದೋ ಅಂತ ಗುರುತಿಸುವುದು ಹೇಗೆ? ಇಬ್ಬರೂ ಕಂಪನಿ ವಾರಂಟಿ ಅಂತಲೇ ಹೇಳುತ್ತಾರೆ.

ಗ್ರೀಸ್ ಕೈ, ಮೈಸೂರು

ಕಂಪನಿಯ ವೆಬ್‌ಸೈಟಿನಲ್ಲಿ ಆ ಪ್ಲಾನಿನ ಹೆಸರು ಮತ್ತು ಷರತ್ತುಗಳ ಪುಸ್ತಕ ಇರಬೇಕು. ಎಷ್ಟೋ ಕಂಪನಿಗಳು ಮಾಡೆಲ್ ಪ್ರಕಾರ ಬೆಲೆಯನ್ನೂ ಹಾಕಿರುತ್ತವೆ. ಆ ಬೆಲೆಗೂ ಶೋರೂಮಿನವರು ಹೇಳಿದ ಬೆಲೆಗೂ ತಾಳೆ ನೋಡಿ. ವಾರಂಟಿ ಮೇಲೆ 18% ಜಿಎಸ್‌ಟಿ ಇರುತ್ತದೆ, ಹಾಗಾಗಿ ತೆರಿಗೆ ಸೇರಿಸಿ ಹೇಳಿದ್ದಾರಾ ಬಿಟ್ಟು ಹೇಳಿದ್ದಾರಾ ಕೇಳಿ. ದುಡ್ಡು ಕಟ್ಟಿದ ಮೇಲೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಕಂಪನಿಯ ಕಸ್ಟಮರ್ ಕೇರ್‌ಗೆ ನೀವೇ ಫೋನ್ ಮಾಡಿ ಚಾಸಿಸ್ ನಂಬರ್ ಹೇಳಿ. ಯಾವ ತಾರೀಕಿನವರೆಗೆ, ಎಷ್ಟು ಕಿಲೋಮೀಟರ್‌ವರೆಗೆ ಅಂತ ಅವರ ಕಂಪ್ಯೂಟರಿನಲ್ಲಿ ತೋರಿಸಬೇಕು. ದುಡ್ಡು ಪಡೆದು ಕಂಪನಿಗೆ ನೋಂದಾಯಿಸದೆ ಬಿಟ್ಟ ಪ್ರಕರಣ ನಾನು ಕಣ್ಣಾರೆ ನೋಡಿದ್ದೇನೆ. ಗಿರಾಕಿಗೆ ಅದು ತಿಳಿದಿದ್ದು ಕಂಪ್ರೆಸರ್ ಕೆಟ್ಟ ದಿನ.

ಲೆಕ್ಕದ ಪುಸ್ತಕ, ಸರಸ್ವತಿಪುರಂ

ನಾನು ಅಕೌಂಟೆಂಟ್. ಲೆಕ್ಕದ ಕಡೆಯಿಂದ ಸ್ವಲ್ಪ ಹೇಳುತ್ತೇನೆ.

ವಾರಂಟಿ ಮಾರುವವರು ನಷ್ಟಕ್ಕೆ ಮಾರುವುದಿಲ್ಲ. ಸಾವಿರ ಜನರಿಂದ ವಸೂಲಿ ಆದ ದುಡ್ಡು ಸಾವಿರ ಗಾಡಿಯ ರಿಪೇರಿಗಿಂತ ಜಾಸ್ತಿ ಇರಬೇಕು, ಇಲ್ಲದಿದ್ದರೆ ಅವರು ಈ ವ್ಯಾಪಾರಕ್ಕೆ ಇಳಿಯುತ್ತಿರಲಿಲ್ಲ. ಹಾಗಾಗಿ "ಲಾಭ ಆಗುತ್ತದಾ" ಅಂತ ಕೇಳಿದರೆ, ಹೆಚ್ಚಿನವರಿಗೆ ಆಗುವುದಿಲ್ಲ. ಕೇಳಬೇಕಾದ್ದು ಬೇರೆ. ಒಂದೂವರೆ ಲಕ್ಷದ ಬಿಲ್ಲು ಒಂದೇ ದಿನ ಬಂದರೆ ಸಾಲ ಮಾಡದೆ, ಚಿನ್ನ ಅಡ ಇಡದೆ, ಮಕ್ಕಳ ಫೀಸು ಮುಟ್ಟದೆ ಕಟ್ಟಲು ನಿಮ್ಮ ಮನೆಯಲ್ಲಿ ಆಗುತ್ತದಾ? ಆಗುತ್ತದೆ ಅಂದರೆ ಬಿಡಿ. ಆಗುವುದಿಲ್ಲ ಅಂದರೆ ಎರಡು ವರ್ಷಕ್ಕೆ 27,500, ಅಂದರೆ ತಿಂಗಳಿಗೆ ಸುಮಾರು 1,146 ರೂಪಾಯಿ, ನೆಮ್ಮದಿಗೆ ಕೊಡುವ ಬೆಲೆ ಅಂತ ತಿಳಿಯಿರಿ. ಮಂಡ್ಯದವರ ಸಾದಾ ಗಾಡಿಗೆ ಅಷ್ಟು ದೊಡ್ಡ ಬಿಲ್ಲು ಬರುವ ಭಾಗಗಳೇ ಕಡಿಮೆ. ಅವರ ಆರ್‌ಡಿ ಲೆಕ್ಕ ಅವರಿಗೆ ಸರಿ.

ಇನ್ನೊಂದು, ಕಿಲೋಮೀಟರ್. "ಮೂರು ವರ್ಷ ಅಥವಾ 1,00,000 ಕಿಲೋಮೀಟರ್, ಯಾವುದು ಮೊದಲೋ ಅದು" ಅಂತ ಬರೆದಿರುತ್ತದೆ. ಜನ ವರ್ಷ ಮಾತ್ರ ನೋಡುತ್ತಾರೆ. ಉದಾಹರಣೆಗೆ ಮಾರುತಿ ಸುಜುಕಿ 2024ರ ಜುಲೈನಲ್ಲಿ ಮೂಲ ವಾರಂಟಿಯನ್ನು 2 ವರ್ಷ, 40,000 ಕಿಲೋಮೀಟರ್‌ನಿಂದ 3 ವರ್ಷ, 1,00,000ಕ್ಕೆ ಏರಿಸಿತು. ದುಡ್ಡು ಕಟ್ಟಿ ಮುಂದುವರಿಸಿದರೆ 6 ವರ್ಷ, 1,60,000ದವರೆಗೆ ಹೋಗಬಹುದು. ಈಗ ಮಂಡ್ಯದಿಂದ ಬೆಂಗಳೂರಿಗೆ ಎಕ್ಸ್‌ಪ್ರೆಸ್‌ವೇಯಲ್ಲಿ ದಿನಾ ಹೋಗಿ ಬರುವವರನ್ನು ತೆಗೆದುಕೊಳ್ಳಿ. ಹೋಗಲು ಸುಮಾರು 100, ಬರಲು 100. ತಿಂಗಳಿಗೆ 22 ದಿನ ಅಂದರೆ ವರ್ಷಕ್ಕೆ 52,800 ಕಿಲೋಮೀಟರ್. ಅವರ ಮೂರು ವರ್ಷದ ವಾರಂಟಿ ಎರಡು ವರ್ಷ ತುಂಬುವ ಮೊದಲೇ ಮುಗಿಯುತ್ತದೆ. ಮುಂದುವರಿಸುವ ಅವಕಾಶವೂ ಅದರ ಜೊತೆಗೇ ಹೋಗಬಹುದು, ಏಕೆಂದರೆ ಹೆಚ್ಚಿನ ಕಂಪನಿಗಳು ಮೂಲ ವಾರಂಟಿ ಜೀವ ಇರುವಾಗ ಮಾತ್ರ ಮುಂದುವರಿಸುತ್ತವೆ. ಇವರು ತಾರೀಕು ನೋಡಿಕೊಂಡು ಕೂರಬಾರದು, ಮೀಟರ್ ನೋಡಬೇಕು. ಮತ್ತೆ 6 ವರ್ಷ, 1,60,000 ಅಂತ ಕೊಂಡರೂ ಅವರಿಗೆ ಸಿಗುವುದು ಮೂರು ವರ್ಷ ಚಿಲ್ಲರೆ. ಆ ಮಿತಿ ಸೊನ್ನೆಯಿಂದ ಎಣಿಸುವುದು, ಹಳೆಯದು ಮುಗಿದ ಮೇಲೆ ಹೊಸದಾಗಿ ಶುರುವಾಗುವುದಿಲ್ಲ.

ಕಾವೇರಿ ತೀರ ಮೇಡಂ, ನಿಮ್ಮದು ಇದಕ್ಕೆ ಉಲ್ಟಾ. ವರ್ಷಕ್ಕೆ 14,000ದ ಒಳಗೆ. ಐದು ವರ್ಷಕ್ಕೆ 70,000 ಮುಟ್ಟುವುದೂ ಕಷ್ಟ. ಕಡಿಮೆ ಕಿಲೋಮೀಟರ್ ಮಿತಿಯ ಅಗ್ಗದ ಪ್ಲಾನ್ ಇದೆಯಾ ಕೇಳಿ. ಓಡಿಸದ ಕಿಲೋಮೀಟರಿಗೆ ಯಾಕೆ ದುಡ್ಡು ಕೊಡಬೇಕು?

ನಂಜನಗೂಡು ರಸಬಾಳೆ

ನಾನು ಹೊಸ ಕಾರು ಬುಕ್ ಮಾಡುತ್ತಿದ್ದೇನೆ. ಆನ್ ರೋಡ್ ಬೆಲೆಯಲ್ಲೇ ವಾರಂಟಿ ಸೇರಿಸಿಬಿಟ್ಟಿದ್ದಾರೆ. ತೆಗೆಯಿರಿ ಅಂದರೆ "ಅದು ಕಂಪಲ್ಸರಿ ಸರ್, ಇಲ್ಲದಿದ್ದರೆ ಡೆಲಿವರಿ ತಡ" ಅನ್ನುತ್ತಾರೆ. ಹಬ್ಬಕ್ಕೆ ಮನೆಗೆ ಗಾಡಿ ಬರಲಿ ಅಂತ ಆಸೆ. ಏನು ಮಾಡಲಿ?

ಲೆಕ್ಕದ ಪುಸ್ತಕ, ಸರಸ್ವತಿಪುರಂ

ಬ್ಯಾಂಕ್ ಸಾಲದಲ್ಲಿ ಅದನ್ನು ಸೇರಿಸಬೇಡಿ. 25,000ದ ವಾರಂಟಿಯನ್ನು 9% ಬಡ್ಡಿಯ ಏಳು ವರ್ಷದ ಸಾಲಕ್ಕೆ ಸೇರಿಸಿದರೆ ತಿಂಗಳಿಗೆ 402 ರೂಪಾಯಿ, ಕೊನೆಗೆ ಕಟ್ಟುವುದು ಸುಮಾರು 33,800. ಬೇಕೇ ಬೇಕು ಅಂದರೆ ಕೈಯಿಂದ ಕೊಡಿ. ಅದೂ ಈಗಲೇ ಕೊಡಬೇಕಿಲ್ಲ. ಬೇಗ ಕೊಂಡರೆ ಬೆಲೆ ಸ್ವಲ್ಪ ಕಡಿಮೆ ಇರುತ್ತದೆ ಅನ್ನುವುದು ನಿಜ. ಆದರೆ ಬೆಲೆ ಎಷ್ಟು ತಿಂಗಳ ನಂತರ ಏರುತ್ತದೆ ಅಂತ ಪಟ್ಟಿ ಕೇಳಿ ನೋಡಿ. ಒಂದೆರಡು ವರ್ಷ ಗಾಡಿಯ ಗುಣ ನೋಡಿಕೊಂಡು ತೀರ್ಮಾನ ಮಾಡಿದರೆ ಎಷ್ಟೋ ಸಲ ಆ ವ್ಯತ್ಯಾಸ ಕೊಡುವುದೇ ಲೇಸು.

ಕರಿ ಕೋಟು, ಮಂಡ್ಯ

ನಂಜನಗೂಡಿನವರೇ, "ಕಂಪಲ್ಸರಿ" ಅಂತ ಇ-ಮೇಲ್‌ನಲ್ಲಿ ಅಥವಾ ವಾಟ್ಸಾಪ್‌ನಲ್ಲಿ ಬರೆದು ಕೊಡಿ ಅಂತ ಕೇಳಿ. ಬರೆದು ಕೊಡುವುದಿಲ್ಲ, ನೋಡುತ್ತಿರಿ. ಒಂದು ವಸ್ತು ಕೊಳ್ಳಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕು ಅಂತ ಒತ್ತಾಯ ಮಾಡುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಿರ್ಬಂಧಿತ ವ್ಯಾಪಾರ ಪದ್ಧತಿ. ದೂರಿಗೆ ಅದೇ ಒಂದು ಕಾರಣ ಆಗುತ್ತದೆ. ಕಾನೂನಿನ ಪ್ರಕಾರ ಬೇಕಿರುವುದು ಥರ್ಡ್ ಪಾರ್ಟಿ ಇನ್ಶೂರೆನ್ಸ್. ವಾರಂಟಿ ನಿಮ್ಮ ಇಷ್ಟ.

ಕಬ್ಬಿನ ಗದ್ದೆ, ಪಾಂಡವಪುರ

ಇಲಿ ವಿಷಯ ಯಾರೋ ಹೇಳಿದರು. ನಮ್ಮ ಕಡೆ ಅದೇ ದೊಡ್ಡ ಕಾಟ. ಕಬ್ಬು ಕಟಾವು ಶುರುವಾದರೆ ಗದ್ದೆ ಇಲಿಗಳೆಲ್ಲ ಮನೆ ಕಡೆ ಬರುತ್ತವೆ. ರಾತ್ರಿ ಬಿಸಿ ಇಂಜಿನ್ ಒಳಗೆ ಸೇರಿಕೊಂಡು ವೈರಿಂಗ್ ಕಡಿಯುತ್ತವೆ. ನಮ್ಮ ಅಣ್ಣನ ಗಾಡಿಗೆ ಪೂರ್ತಿ ಹಾರ್ನೆಸ್ ಬದಲಿಸಬೇಕಾಯಿತು. ವಾರಂಟಿ ಇತ್ತು, ಆದರೆ ಒಂದು ರೂಪಾಯಿಯೂ ಬರಲಿಲ್ಲ. ಇದಕ್ಕೆ ಏನು ದಾರಿ?

ಗ್ರೀಸ್ ಕೈ, ಮೈಸೂರು

ಅದು ಇನ್ಶೂರೆನ್ಸಿನ ಕೆಲಸ, ವಾರಂಟಿಯದ್ದಲ್ಲ. ನಿಮ್ಮ ಕಾಂಪ್ರಹೆನ್ಸಿವ್ ಪಾಲಿಸಿಯಲ್ಲಿ ಇಲಿ ಕಡಿತಕ್ಕೆ ಕೊಡುತ್ತಾರಾ, ಜೀರೊ ಡಿಪ್ರಿಸಿಯೇಷನ್ (ಭಾಗದ ಬೆಲೆಯಲ್ಲಿ ಸವಕಳಿ ಕಳೆಯದೆ ಕೊಡುವುದು) ಇದೆಯಾ ಅಂತ ರಿನ್ಯೂವಲ್ ಹೊತ್ತಿನಲ್ಲಿ ಕೇಳಿಕೊಳ್ಳಿ. ಪ್ಲಾಸ್ಟಿಕ್, ರಬ್ಬರ್ ಭಾಗಕ್ಕೆ ಜೀರೊ ಡೆಪ್ ಇಲ್ಲದಿದ್ದರೆ ಅರ್ಧ ದುಡ್ಡು ಕೈಯಿಂದ ಹೋಗುತ್ತದೆ.

ನೀರಿನದೂ ಇದೇ ಕಥೆ. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಹತ್ತಿರ ಮೈಸೂರು ರಸ್ತೆ ಮೇಲೆಯೇ ನೀರು ನಿಂತಿತ್ತಲ್ಲ, ಆಗ ಎಷ್ಟೋ ಗಾಡಿಗಳು ಮುಳುಗಿದವು. ನೀರಿನಲ್ಲಿ ನಿಂತ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡಿದರೆ ಇಂಜಿನ್ ಒಳಗೆ ನೀರು ಹೋಗಿ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಅದಕ್ಕೆ ಕಂಪನಿ ವಾರಂಟಿ ಬರುವುದಿಲ್ಲ. ಸಾಮಾನ್ಯ ಇನ್ಶೂರೆನ್ಸಿನಲ್ಲೂ ತಕರಾರು ತೆಗೆಯುತ್ತಾರೆ. ಇಂಜಿನ್ ಪ್ರೊಟೆಕ್ಟ್ ಅನ್ನುವ ಆ್ಯಡ್ ಆನ್ ಬೇರೆ ತೆಗೆದುಕೊಂಡಿರಬೇಕು. ಆದ್ದರಿಂದ ವಾರಂಟಿ ಕೊಳ್ಳುವ ಮುಂಚೆ ಇನ್ಶೂರೆನ್ಸ್ ಪಾಲಿಸಿಯನ್ನು ಪಕ್ಕದಲ್ಲಿ ಇಟ್ಟುಕೊಂಡು ಓದಿ. ಗಾಡಿ ತಾನಾಗಿ ಕೆಟ್ಟರೆ ವಾರಂಟಿ. ಹೊರಗಿನಿಂದ ಏನಾದರೂ ಆದರೆ ಇನ್ಶೂರೆನ್ಸ್. ಕೆಲವರು ರೋಡ್‌ಸೈಡ್ ಅಸಿಸ್ಟೆನ್ಸ್ ಅನ್ನು ಎರಡರಲ್ಲೂ ದುಡ್ಡು ಕೊಟ್ಟು ತೆಗೆದುಕೊಂಡಿರುತ್ತಾರೆ. ಒಂದು ಸಾಕು.

ಮಂಡ್ಯ ಹೈದ

ಸರ್, ನನ್ನ ಒಂದು ಪ್ರಶ್ನೆ. ಹೊರಗಿನ ಮೆಕ್ಯಾನಿಕ್ ಹತ್ತಿರ ಒಂದು ಸಲ ಹೋದರೆ ವಾರಂಟಿ ಕ್ಯಾನ್ಸಲ್ ಅಂತ ಹೆದರಿಸುತ್ತಾರೆ. ನಮ್ಮ ಊರಿನ ಹುಡುಗರ ಹೊಟ್ಟೆ ಮೇಲೆ ಹೊಡೆದಂತೆ ಅಲ್ವಾ? ಅವರೂ ಚೆನ್ನಾಗಿಯೇ ಕೆಲಸ ಮಾಡುತ್ತಾರೆ.

ಕರಿ ಕೋಟು, ಮಂಡ್ಯ

ನಿಮ್ಮ ಕಳಕಳಿ ನ್ಯಾಯವಾದದ್ದು. ಇದರ ಬಗ್ಗೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ ದೊಡ್ಡ ಆದೇಶ ಕೊಟ್ಟಿತ್ತು. 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ. ಬಿಡಿಭಾಗಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಾರೆ ಅನ್ನುವುದು ಮುಖ್ಯ ಆರೋಪ. ಅದೇ ಆದೇಶದಲ್ಲಿ ಆಯೋಗ ಇನ್ನೊಂದು ಮಾತು ಹೇಳಿತು. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಅಂತ ಷರತ್ತು ಹಾಕಬಾರದು, ಹೊರಗಿನ ತಪ್ಪು ಕೆಲಸದಿಂದ ಆದ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಅಂತ. ಆಮೇಲೆ ಕಂಪನಿಗಳು ಮೇಲ್ಮನವಿ ಹಾಕಿದವು, ದಂಡದ ಲೆಕ್ಕವೂ ಬದಲಾಯಿತು. ಆದರೂ ಇಂಥ ತಕರಾರಿನಲ್ಲಿ ಎತ್ತಿ ತೋರಿಸಲು ಈ ಮಾತು ಉಪಯೋಗಕ್ಕೆ ಬರುತ್ತದೆ.

ಗ್ರೀಸ್ ಕೈ, ಮೈಸೂರು

ವಕೀಲರು ಹೇಳಿದ್ದು ಸರಿ. ಆದರೆ ದುಡ್ಡು ಕೊಟ್ಟು ವಾರಂಟಿ ಮುಂದುವರಿಸಿದವರು ನ್ಯಾಯ ಇದೆ ಅಂತ ತೊಂದರೆ ಮೈಮೇಲೆ ಎಳೆದುಕೊಳ್ಳಬಾರದು ಅನ್ನುವುದು ನನ್ನ ಮಾತು. ಪಂಕ್ಚರ್, ಅಲೈನ್‌ಮೆಂಟ್, ತೊಳೆಯುವುದು, ಟೈರು ಎಲ್ಲ ಊರಿನವರ ಹತ್ತಿರವೇ ಮಾಡಿಸಿ. ಪೀರಿಯಾಡಿಕ್ ಸರ್ವಿಸ್ ಮಾತ್ರ ಅಧಿಕೃತ ಸೆಂಟರಿನಲ್ಲಿ, ಹೊತ್ತಿಗೆ ಸರಿಯಾಗಿ ಮಾಡಿಸಿ. ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ ಅಂತಿದ್ದರೆ, ವರ್ಷಕ್ಕೆ ಮೂರು ಸಾವಿರ ಓಡಿದರೂ ವರ್ಷಕ್ಕೊಮ್ಮೆ ಹೋಗಲೇಬೇಕು. "ಗಾಡಿ ಓಡಿಯೇ ಇಲ್ಲ, ಆಯಿಲ್ ಯಾಕೆ ಬದಲಿಸಲಿ" ಅಂತ ಬಿಟ್ಟ ಹಿರಿಯರ ಕ್ಲೇಮ್‌ಗಳು ಬಿದ್ದುಹೋದದ್ದನ್ನು ನೋಡಿ ನನಗೆ ಹೊಟ್ಟೆ ಉರಿದಿದೆ. ಪ್ರತಿ ಬಿಲ್ಲನ್ನೂ ಫೋಟೊ ತೆಗೆದು ಇಡಿ.

ಕ್ಲೇಮ್ ಮಾಡುವಾಗಲೂ ಕೆಲವು ಸೂಕ್ಷ್ಮ ಇವೆ. ಜಾಬ್ ಕಾರ್ಡಿನಲ್ಲಿ ನಿಮ್ಮ ದೂರನ್ನು ನೀವು ಹೇಳಿದ ಹಾಗೆಯೇ ಬರೆಸಿ. "ಗೇರ್ ಬೀಳುವಾಗ ಎರಡರಿಂದ ಮೂರಕ್ಕೆ ಜರ್ಕ್, ಎಂಜಿನ್ ಬಿಸಿಯಾದ ಮೇಲೆ ಜಾಸ್ತಿ" ಅಂತ ಬರೆಸಿದರೆ ಒಂದು ಅರ್ಥ. "ಜನರಲ್ ಚೆಕಪ್" ಅಂತ ಬರೆದರೆ ನಾಳೆ ನಿಮ್ಮ ಹತ್ತಿರ ಯಾವ ದಾಖಲೆಯೂ ಇಲ್ಲ. ವಾರಂಟಿ ಮುಗಿಯುವ ಮುಂಚೆ ಶುರುವಾದ ತೊಂದರೆ ಅಂತ ತೋರಿಸಲು ಈ ಕಾರ್ಡು ತುಂಬಾ ಮುಖ್ಯ. ಆಮೇಲೆ "ಬಿಚ್ಚಿ ನೋಡಬೇಕು ಸರ್" ಅನ್ನುತ್ತಾರೆ. ಬಿಚ್ಚಿದ ಮೇಲೆ ಕ್ಲೇಮ್ ಒಪ್ಪದಿದ್ದರೆ ಆ ಬಿಚ್ಚುವ ಕೂಲಿ ಯಾರದ್ದು? ಸಹಿ ಹಾಕುವ ಮುಂಚೆ ಕೇಳಿ. ಹತ್ತಾರು ಸಾವಿರ ಅದಕ್ಕೇ ಆಗಬಹುದು. ನಿರಾಕರಿಸಿದರೆ ಬಾಯಿಮಾತಿನಲ್ಲಿ ಒಪ್ಪಿಕೊಳ್ಳಬೇಡಿ. ಯಾವ ಷರತ್ತಿನ ಪ್ರಕಾರ ಅಂತ ಬರೆದು ಕೊಡಲಿ.

ಕೊನೆಗೆ, ಟೆಂಪರೇಚರ್ ಅಥವಾ ಆಯಿಲ್ ದೀಪ ಕೆಂಪಗೆ ಬಂದರೆ ಅಲ್ಲೇ ನಿಲ್ಲಿಸಿ ಟೋಯಿಂಗ್ ಕರೆಸಿ. "ಮದ್ದೂರು ದಾಟಿಬಿಟ್ಟರೆ ಮನೆ ಸೇರಿಕೊಳ್ಳಬಹುದು" ಅಂತ ಓಡಿಸಬೇಡಿ. ವಾಟರ್ ಪಂಪ್ ಕೆಟ್ಟಿದ್ದು ವಾರಂಟಿಗೆ ಬರುತ್ತದೆ. ಅದಾದ ಮೇಲೂ ಓಡಿಸಿ ಇಂಜಿನ್ ಸೀಜ್ ಆದರೆ ನಿಮ್ಮ ತಲೆಗೆ ಕಟ್ಟುತ್ತಾರೆ. ದೀಪ ಯಾವಾಗ ಬಂತು ಅನ್ನುವುದು ಎಷ್ಟೋ ಗಾಡಿಗಳ ಇಸಿಯುನಲ್ಲಿ ದಾಖಲಾಗಿರುತ್ತದೆ.

ಹಳದಿ ಬೋರ್ಡ್, ಮೈಸೂರು

ಟ್ಯಾಕ್ಸಿಯವರಿಗೂ ಒಂದು ಮಾತು ಹೇಳಿ. ನಾನು ಅರಮನೆ, ಬೆಟ್ಟ, ಕೆಆರ್‌ಎಸ್ ಟೂರ್ ಓಡಿಸುತ್ತೇನೆ.

ಗ್ರೀಸ್ ಕೈ, ಮೈಸೂರು

ಅಣ್ಣ, ಖಾಸಗಿ ಗಾಡಿಯ ಪ್ಲಾನ್ ನಿಮಗೆ ಸಾಮಾನ್ಯವಾಗಿ ನಡೆಯುವುದಿಲ್ಲ. ಕಮರ್ಷಿಯಲ್ ಮಾಡೆಲ್‌ಗಳಿಗೆ ಬೇರೆ ಷರತ್ತು ಇರುತ್ತದೆ. ಬಿಳಿ ಬೋರ್ಡ್ ಗಾಡಿಯನ್ನು ಬಾಡಿಗೆಗೆ ಬಿಟ್ಟಿದ್ದು ಗೊತ್ತಾದರೆ ಕೂಡ ಕ್ಲೇಮ್ ಹೋಗುತ್ತದೆ. ಹೊರಗೆ ಸಿಎನ್‌ಜಿ ಕಿಟ್ ಹಾಕಿಸಿದರೂ ಇದೇ ತೊಂದರೆ. ಕಂಪನಿಯೇ ಹಾಕಿದ ಸಿಎನ್‌ಜಿ ಆದರೆ ಯೋಚನೆ ಇಲ್ಲ.

ಕಬ್ಬಿನ ಗದ್ದೆ, ಪಾಂಡವಪುರ

ಎಥನಾಲ್ ಬಗ್ಗೆ ಏನು ಹೇಳುತ್ತೀರಿ? ನಾವೇ ಕಬ್ಬು ಬೆಳೆಯುವವರು, ಬೇಡ ಅನ್ನಲು ಮನಸ್ಸಿಲ್ಲ. ಆದರೆ ಬಂಕಿನಲ್ಲಿ ಈಗ ಇ20, ಅಂದರೆ ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಬೆರೆಸಿದ ಪೆಟ್ರೋಲು. ಇದರಿಂದ ಫ್ಯೂಯಲ್ ಪಂಪ್ ಕೆಟ್ಟರೆ ವಾರಂಟಿ ಕೊಡುತ್ತಾರಾ?

ಹೆಬ್ಬಾಳ ಶಿಫ್ಟ್

2023ರ ಏಪ್ರಿಲ್ ನಂತರ ತಯಾರಾದ ಗಾಡಿಗಳ ರಬ್ಬರು, ಪ್ಲಾಸ್ಟಿಕ್ ಭಾಗಗಳು ಇ20ಗೆ ಹೊಂದುವಂತೆ ಇರುತ್ತವೆ. ಅದಕ್ಕಿಂತ ಹಳೆಯ ಗಾಡಿ ಆದರೆ ಓನರ್ಸ್ ಮ್ಯಾನ್ಯುವಲ್‌ನಲ್ಲಿ ಇಂಧನದ ಪುಟ ತೆಗೆದು ನೋಡಿ. ಇ10 ಅಂತ ಇದ್ದರೆ, ಕಂಪನಿಗೆ ಒಂದು ಇ-ಮೇಲ್ ಹಾಕಿ "ಇ20 ಹಾಕಿದರೆ ವಾರಂಟಿ ಮುಂದುವರಿಯುತ್ತದಾ" ಅಂತ ಕೇಳಿ ಉತ್ತರ ಇಟ್ಟುಕೊಳ್ಳಿ. ಅದನ್ನು ವಾರಂಟಿಗೆ ದುಡ್ಡು ಕಟ್ಟುವ ಮುಂಚೆಯೇ ಮಾಡಿ. ಹೆಚ್ಚಿನ ಬಂಕುಗಳಲ್ಲಿ ಬೇರೆ ಪೆಟ್ರೋಲ್ ಆರಿಸಲು ಅವಕಾಶವೇ ಇಲ್ಲದಿರುವಾಗ ಗ್ರಾಹಕರಿಗೆ ಇಷ್ಟು ಸ್ಪಷ್ಟ ಉತ್ತರ ಕೊಡುವುದು ಕಂಪನಿಗಳ ಕರ್ತವ್ಯ ಅಂತ ನನಗೆ ಅನ್ನಿಸುತ್ತದೆ.

ಕಾವೇರಿ ತೀರ, ಶ್ರೀರಂಗಪಟ್ಟಣ

ನೀವೆಲ್ಲ ಹೇಳಿದ ಹಾಗೆ ಕೇಳಿಕೊಂಡು ಬಂದೆವು. 17,000ದವರು ಕೊನೆಗೂ ಷರತ್ತಿನ ಕಾಗದ ಕಳಿಸಿದರು. ಒಂದು ಕ್ಲೇಮಿಗೆ 40,000 ಮಿತಿ. ಗೇರ್‌ಬಾಕ್ಸಿನ ಎಲೆಕ್ಟ್ರಾನಿಕ್ ಭಾಗ ಹೊರಗೆ. ಅವರ ಗ್ಯಾರೇಜು ಬೆಂಗಳೂರಿನಲ್ಲಿ. ಅದನ್ನು ಬಿಟ್ಟೆವು.

ಶೋರೂಮಿನ 29,500ದಲ್ಲಿ ಒಂದು ಪೇಂಟ್ ಕೋಟಿಂಗ್ ಪ್ಯಾಕೇಜ್ ಸೇರಿಸಿದ್ದರು. ಕೇಳುವವರೆಗೆ ಹೇಳಲಿಲ್ಲ. ಅದೇ ಕಂಪನಿಯ ಇನ್ನೊಂದು ಶೋರೂಮಿನಲ್ಲಿ ವಾರಂಟಿ ಮಾತ್ರ, ಜಿಎಸ್‌ಟಿ ಸೇರಿ 25,900. ಕಂಪನಿಯ ವೆಬ್‌ಸೈಟಿನಲ್ಲೂ ಅದೇ ಬೆಲೆ. ಮೆಕಾಟ್ರಾನಿಕ್ ಒಳಗೆ ಇದೆ, ಕ್ಲಚ್ ಪ್ಯಾಕ್ ಸವೆದದ್ದಕ್ಕೆ ಇಲ್ಲ ಅಂತ ಇ-ಮೇಲ್‌ನಲ್ಲಿ ಬರೆದು ಕೊಟ್ಟರು. ಯಜಮಾನರು ಎರಡನೇ ಶೋರೂಮಿನಲ್ಲಿ ಕಟ್ಟಿ ಬಂದಿದ್ದಾರೆ. ಕಸ್ಟಮರ್ ಕೇರ್‌ಗೂ ಫೋನ್ ಮಾಡಿದೆ, ಅವರ ಕಂಪ್ಯೂಟರಿನಲ್ಲಿ ತಾರೀಕು ತೋರಿಸುತ್ತಿದೆ.

ಕರಿ ಕೋಟು ಸರ್, ಮುಂದೆ ಕ್ಲೇಮ್ ಕೊಡದೆ ಸತಾಯಿಸಿದರೆ ನಾವು ಕಂಪನಿ ಇರುವ ಊರಿಗೆ ಹೋಗಿ ಕೇಸು ಹಾಕಬೇಕಾ?

ಕರಿ ಕೋಟು, ಮಂಡ್ಯ

ಬೇಡ ಮೇಡಂ. 2019ರ ಕಾಯ್ದೆ 2020ರ ಜುಲೈ 20ರಿಂದ ಜಾರಿಗೆ ಬಂದಿದೆ. ಅದರ ಪ್ರಕಾರ ದೂರುದಾರರು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಶ್ರೀರಂಗಪಟ್ಟಣ ಅಂದರೆ ಮಂಡ್ಯದ ಜಿಲ್ಲಾ ಗ್ರಾಹಕರ ಆಯೋಗ. ಮೈಸೂರಿನವರಿಗೆ ಮೈಸೂರಿನದು. ತೊಂದರೆ ಆದ ದಿನದಿಂದ ಎರಡು ವರ್ಷದ ಒಳಗೆ ಹಾಕಬೇಕು. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ವಕೀಲರಿಲ್ಲದೆ ನೀವೇ ವಾದ ಮಾಡಬಹುದು, ಆನ್‌ಲೈನ್‌ನಲ್ಲೂ ದೂರು ದಾಖಲಿಸಬಹುದು. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿಂದ ಕಂಪನಿಗೆ ದೂರು ಹೋದ ಕೂಡಲೇ ಎಷ್ಟೋ ಕೆಲಸ ಆಗಿಬಿಡುತ್ತದೆ. ಡೀಲರ್ ಮತ್ತು ಕಂಪನಿ, ಇಬ್ಬರನ್ನೂ ದೂರಿನಲ್ಲಿ ಎದುರು ಪಾರ್ಟಿ ಮಾಡಿ. ಒಬ್ಬರನ್ನೇ ಮಾಡಿದರೆ ಇನ್ನೊಬ್ಬರ ಕಡೆ ಬೊಟ್ಟು ತೋರಿಸುತ್ತಾರೆ.

ನಂಜನಗೂಡು ರಸಬಾಳೆ

ಬರೆದು ಕೊಡಿ ಅಂತ ಕೇಳಿದ್ದಕ್ಕೆ ವಾರಂಟಿ ತೆಗೆದು ಹೊಸ ಕೊಟೇಶನ್ ಕಳಿಸಿದರು. ಡೆಲಿವರಿ ತಾರೀಕು ಅದೇ ಇದೆ. ಕರಿ ಕೋಟು ಸರ್‌ಗೆ ನಮಸ್ಕಾರ.

ಕೆಆರ್ ಪೇಟೆ ದಾರಿ

ತಡವಾಗಿ ಓದಿದೆ. ನಾನು ನಾಲ್ಕು ವರ್ಷದ ಹಳೆ ಗಾಡಿ ಕೊಳ್ಳುತ್ತಿದ್ದೇನೆ. ಮಾರುವವರು ಐದನೇ ವರ್ಷದ ಕಂಪನಿ ವಾರಂಟಿ ಇದೆ, ಅದಕ್ಕೆ 15,000 ಜಾಸ್ತಿ ಕೊಡಿ ಅನ್ನುತ್ತಾರೆ. ನನ್ನ ಹೆಸರಿಗೆ ಬರುತ್ತದಾ?

ಗ್ರೀಸ್ ಕೈ, ಮೈಸೂರು

ಹೆಚ್ಚಿನ ಕಂಪನಿಗಳಲ್ಲಿ ಮುಂದಿನ ಮಾಲೀಕರಿಗೆ ಬರುತ್ತದೆ. ಆದರೆ ಆರ್‌ಸಿ ನಿಮ್ಮ ಹೆಸರಿಗೆ ಆದ ಮೇಲೆ ಅಧಿಕೃತ ಸೆಂಟರಿಗೆ ಹೋಗಿ ಅರ್ಜಿ ಕೊಟ್ಟು ಬದಲಿಸಿಕೊಳ್ಳಬೇಕು, ಸಣ್ಣ ಶುಲ್ಕ ಇರಬಹುದು. ಮೊದಲು ಚಾಸಿಸ್ ನಂಬರ್ ಪಡೆದು ಸರ್ವಿಸ್ ಹಿಸ್ಟರಿ ತೆಗೆಸಿ. ನಡುವೆ ಒಂದು ಸರ್ವಿಸ್ ತಪ್ಪಿದ್ದರೂ, ಮೀಟರ್ ತಿರುಗಿಸಿದ್ದು ಕಂಡರೂ ಆ 15,000 ಕೊಡಬೇಡಿ. ಎಲ್ಲ ಸರಿ ಇದ್ದರೆ ಉಳಿದಿರುವ ತಿಂಗಳು ಎಣಿಸಿ. ಎಂಟು ತಿಂಗಳು ಮಾತ್ರ ಉಳಿದಿದ್ದರೆ ಅದಕ್ಕೆ 15,000 ಜಾಸ್ತಿ ಆಯಿತು, 5,000ದಿಂದ ಮಾತು ಶುರು ಮಾಡಿ. ವರ್ಗಾವಣೆ ಆದ ಮೇಲೆ ಉಳಿದ ದುಡ್ಡು ಕೊಡುತ್ತೇನೆ ಅಂತ ಒಪ್ಪಂದ ಮಾಡಿಕೊಳ್ಳಿ.